ಟ್ರ್ಯಾಕ್ಟರಿನ ಬ್ಯಾಟರಿಗೆ ವಿದ್ಯುತ್ತು ಸೇರುವುದೋ ಇಲ್ಲವೋ ಎಂಬುದರ ಪರೀಕ್ಷೆ

ಮುಂಗಾರಿನಲ್ಲಿ ಒಕ್ಕಲಿಗನಿಗೆ ದೊರೆಯುವ ಬಿತ್ತನೆಯ ಹದವು ಬಹು ಸ್ವಲ್ಪ ಕಾಲದ್ದು. ವಿಜಯನಗರ ಜಿಲ್ಲೆ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಸುತ್ತಣ ಸೀಮೆಯಲ್ಲಿ ಮೆಕ್ಕೆಜೋಳ, ಜೋಳ, ಶೇಂಗಾ ಮೊದಲಾದ ಪೈರುಗಳನ್ನು ಮಳೆಯನ್ನೇ ನಂಬಿ ಬಿತ್ತುವವರು ಬಹುಮಂದಿ. ಮಳೆ ಹಿಂದೆಗೆದ ಕೆಲವೇ ದಿನಗಳಲ್ಲಿ ಮೇಲ್ಮಣ್ಣು ಆರತೊಡಗುವುದು. ಈಗ ಉಳುಮೆಯೂ ಬಿತ್ತನೆಯೂ ಬಹುಮಟ್ಟಿಗೆ ಟ್ರ್ಯಾಕ್ಟರಿನಿಂದಲೇ ನಡೆಯುತ್ತಿರುವುದರಿಂದ, ಅಂಥ ದಿನದ ಬೆಳಗ್ಗೆ ಕೀಲಿಯನ್ನು ತಿರುಗಿಸಿದಾಗ ಯಂತ್ರವು ‘ಟಕ್’ ಎಂದು ಸುಮ್ಮನಾಯಿತೆಂದರೆ, ಅದರ ಯಜಮಾನನಿಗೆ ಮಾತ್ರವಲ್ಲದೆ ಬಾಡಿಗೆಗೆ ಹೇಳಿ ಕಾದಿರುವ ನಾಲ್ಕಾರು ಮನೆಯವರಿಗೂ ನಷ್ಟವು ತಪ್ಪದು.

ಇಂಥ ಸಮಯದಲ್ಲಿ ಸಾಮಾನ್ಯವಾಗಿ ದೋಷವನ್ನೆಲ್ಲ ಬ್ಯಾಟರಿಯ ಮೇಲೆ ಹೊರಿಸುವುದುಂಟು. ಹಳೆಯದನ್ನು ಕೊಟ್ಟು ಹೊಸದನ್ನು ತರುತ್ತಾರೆ. ಕೆಲವು ವಾರಗಳಲ್ಲಿ ಅದೂ ಹಾಗೆಯೇ ಬರಿದಾಗುತ್ತದೆ. ಬ್ಯಾಟರಿಯು ಹಗೇವಿನಂಥದು. ಹಗೇವು ಕಾಳನ್ನು ಕಾಯ್ದಿಡುವುದೇ ಹೊರತು ಬೆಳೆಯುವುದಿಲ್ಲ. ತೆಗೆದಷ್ಟನ್ನು ಮತ್ತೆ ತುಂಬುವ ಕೆಲಸವು ಆಲ್ಟರ್ನೇಟರಿನದು. ಆದಕಾರಣ ಹಣವನ್ನು ವೆಚ್ಚಮಾಡುವ ಮೊದಲು, ತುಂಬುವ ಕಾರ್ಯವು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳತಕ್ಕದ್ದು.

ಅಯಸ್ಕಾಂತವನ್ನು ತಂತಿಸುರುಳಿಯ ಬಳಿ ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ೧೮೩೧ರಲ್ಲಿ ಮೈಕೇಲ್ ಫ್ಯಾರಡೆಯು ತೋರಿಸಿದನು. ಆಲ್ಟರ್ನೇಟರಿನ ತತ್ತ್ವವು ಇಷ್ಟೇ. ಎಂಜಿನ್ನಿನ ಬೆಲ್ಟು ಒಳಗಣ ವಿದ್ಯುದಯಸ್ಕಾಂತವನ್ನು ತಿರುಗಿಸುವುದು. ಸುತ್ತಲಿನ ಸುರುಳಿಗಳಲ್ಲಿ ಹುಟ್ಟಿದ ಹಿಂದುಮುಂದಿನ ಪ್ರವಾಹವನ್ನು ಡಯೋಡುಗಳು ಏಕಮುಖವಾಗಿ ಮಾಡುವುವು. ರೆಗ್ಯುಲೇಟರು ಅದನ್ನು ಮಿತಿಯಲ್ಲಿರಿಸುವುದು. ಬಹಳ ಹಳೆಯ ಟ್ರ್ಯಾಕ್ಟರುಗಳಲ್ಲಿ ಇದಕ್ಕೆ ಬದಲಾಗಿ ಡೈನಮೋ ಇರುವುದು. ಮಲ್ಪೆ, ಮಂಗಳೂರುಗಳ ಕಡೆ ಮೀನುದೋಣಿಗಳ ಹಿಂದೆ ಕಟ್ಟುವ ಔಟ್‌ಬೋರ್ಡ್ ಮೋಟಾರುಗಳಲ್ಲಿ ಬ್ಯಾಟರಿಗೆ ಚಾರ್ಜು ಕೊಡುವ ಏರ್ಪಾಡುಳ್ಳವುಗಳಲ್ಲಿ, ಬೆಲ್ಟೇ ಇಲ್ಲದೆ ಫ್ಲೈವೀಲಿನ ಒಳಗೇ ಅಯಸ್ಕಾಂತಗಳನ್ನು ಕೂರಿಸಿರುವುದು ಸಾಮಾನ್ಯ. ರೂಪ ಬೇರೆಯಾದರೂ ಪರೀಕ್ಷೆಯ ಕ್ರಮವು ಬಹುಮಟ್ಟಿಗೆ ಒಂದೇ.

ಪರೀಕ್ಷೆಗೆ ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರು. ಅದನ್ನು ಡಿ.ಸಿ. ವೋಲ್ಟಿನ ೨೦ರ ಗುರುತಿಗೆ ತಿರುಗಿಸಬೇಕು. ಆಂಪಿಯರಿನ ಗುರುತಿನಲ್ಲಿಟ್ಟು ಬ್ಯಾಟರಿಯ ಎರಡು ತುದಿಗಳಿಗೆ ಮುಟ್ಟಿಸಿದರೆ ಮೀಟರು ಸುಟ್ಟುಹೋಗುವುದು. ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿಗೆ ಸಿಡಿಯುವಂಥದಾದ್ದರಿಂದ ಹತ್ತಿರದಲ್ಲಿ ಬೀಡಿ ಸೇದುವುದು ಸರ್ವಥಾ ಸಲ್ಲದು. ಆಮ್ಲವು ಕಣ್ಣಿಗಾಗಲಿ ಮೈಗಾಗಲಿ ಸಿಡಿದರೆ ತಡಮಾಡದೆ ಧಾರಾಳವಾದ ನೀರಿನಿಂದ ತೊಳೆಯತಕ್ಕದ್ದು; ಕಣ್ಣಿಗಾದರೆ ಹಾಗೆ ತೊಳೆದ ಬಳಿಕ ವೈದ್ಯರಲ್ಲಿಗೆ ಹೋಗತಕ್ಕದ್ದು.

ಮೊದಲು ಕಣ್ಣಿನಿಂದಲೂ ಕೈಯಿಂದಲೂ ಪರೀಕ್ಷಿಸಬೇಕು. ಎಂಜಿನ್ನು ನಿಂತಿರುವಾಗ ಬೆಲ್ಟಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಅದಕ್ಕಿಂತ ಬಹಳ ಸಡಿಲವಾಗಿದ್ದರೆ ಬೆಲ್ಟು ಜಾರುವುದು. ಟರ್ಮಿನಲುಗಳ ಮೇಲೆ ಬಿಳಿ ಅಥವಾ ಹಸುರು ಬಣ್ಣದ ಹುಡಿ ಕಟ್ಟಿದ್ದರೆ, ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಅಡಿಗೆಸೋಡದ ನೀರಿನಿಂದ ತೊಳೆದು, ಒರಸಿ ಬಿಗಿಯಬೇಕು. ಸೋಡದ ನೀರು ಬ್ಯಾಟರಿಯ ಒಳಕ್ಕೆ ಹೋಗಬಾರದು. ಅನೇಕ ಟ್ರ್ಯಾಕ್ಟರುಗಳ ರೋಗವು ಇಷ್ಟರಲ್ಲಿಯೇ ಗುಣವಾಗುವುದು.

ಬಳಿಕ ರಾತ್ರಿಯಿಡೀ ನಿಂತಿದ್ದ ಬ್ಯಾಟರಿಯ ವೋಲ್ಟನ್ನು ಅಳೆಯತಕ್ಕದ್ದು. ೧೨.೬ ಅಥವಾ ಅದಕ್ಕಿಂತ ತುಸು ಮೇಲಿದ್ದರೆ ಪೂರ್ಣವಾಗಿ ತುಂಬಿದೆಯೆಂದೂ, ೧೨.೨ ಇದ್ದರೆ ಸುಮಾರು ಅರ್ಧವೆಂದೂ, ೧೨ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದೆಂದೂ ತಿಳಿಯಬೇಕು. ಮುಚ್ಚಳಗಳುಳ್ಳ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರು ಕೋಣೆಗಳ ಆಮ್ಲವನ್ನೂ ನೋಡಬಹುದು. ಐದು ಕೋಣೆಗಳು ಸಮನಾಗಿದ್ದು ಒಂದು ಮಾತ್ರ ತೀರ ಕಡಮೆ ತೋರಿದರೆ ಆ ಕೋಣೆಯು ಕೆಟ್ಟಿದೆ. ಅಂಥ ಬ್ಯಾಟರಿಗೆ ಎಷ್ಟು ಚಾರ್ಜು ಮಾಡಿಸಿದರೂ ವ್ಯರ್ಥ. ನೀರು ಕಡಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ಕೊಳವೆಬಾವಿಯ ನೀರಿನಲ್ಲಿರುವ ಲವಣಗಳು ಒಳಗಣ ಸೀಸದ ಫಲಕಗಳಿಗೆ ಹಾನಿಕರ.

ಈಗ ಮುಖ್ಯವಾದ ಪರೀಕ್ಷೆ. ಗಾಡಿಯನ್ನು ನ್ಯೂಟ್ರಲಿನಲ್ಲಿಟ್ಟು, ಬ್ರೇಕು ಹಾಕಿ, ಎಂಜಿನ್ನನ್ನು ಹಚ್ಚಿ, ನಿಮಿಷಕ್ಕೆ ಸುಮಾರು ೧೫೦೦ ಸುತ್ತು ತಿರುಗುವಂತೆ ಆಕ್ಸಿಲರೇಟರನ್ನು ಏರಿಸಿ, ಮತ್ತೆ ಬ್ಯಾಟರಿಯ ತುದಿಗಳಲ್ಲಿಯೇ ಅಳೆಯಬೇಕು. ಧೋತರದ ಅಂಚನ್ನೂ ಹೆಗಲ ಮೇಲಿನ ವಲ್ಲಿಯನ್ನೂ ಬೆಲ್ಟಿನಿಂದ ದೂರವಿಡುವುದು ಅವಶ್ಯ. ಮೀಟರು ೧೩.೮ರಿಂದ ೧೪.೫ರವರೆಗೆ ತೋರಿದರೆ ಆಲ್ಟರ್ನೇಟರು ತನ್ನ ಕೆಲಸವನ್ನು ಮಾಡುತ್ತಿದೆ. ನಿಂತಿದ್ದಾಗಿನ ವೋಲ್ಟೇ ಇದ್ದು ಮೆಲ್ಲಮೆಲ್ಲನೆ ಇಳಿಯುತ್ತಿದ್ದರೆ ಏನೂ ಸೇರುತ್ತಿಲ್ಲ. ೧೫ನ್ನು ಮೀರಿದರೆ ರೆಗ್ಯುಲೇಟರು ಕೆಟ್ಟಿದೆ. ಇದರಿಂದ ಬ್ಯಾಟರಿಯ ನೀರು ಬತ್ತಿ ಬಲ್ಬುಗಳು ಸುಡುವುವು. ತೀರ ಬರಿದಾಗಿದ್ದ ಬ್ಯಾಟರಿಯು ಮೊದಲು ಕಡಮೆಯನ್ನೇ ತೋರಿಸಿ ನಿಧಾನವಾಗಿ ಏರುವುದರಿಂದ, ಕಾಲು ಗಂಟೆ ಕಾದು ನಿರ್ಣಯಿಸುವುದು ನ್ಯಾಯ.

ಅನಂತರ ದೀಪಗಳನ್ನೆಲ್ಲ ಹಚ್ಚಿ ನೋಡಬೇಕು. ವೋಲ್ಟು ೧೩ಕ್ಕಿಂತ ಕೆಳಕ್ಕೆ ಕುಸಿದರೆ ಬೆಲ್ಟು ಜಾರುತ್ತಿರಬಹುದು, ಇಲ್ಲವೆ ಡಯೋಡು ಹೋಗಿರಬಹುದು. ಹಾಗೆಯೇ ದೀಪಗಳು ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ತಂತಿಯ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ತುದಿಗೂ ಮುಟ್ಟಿಸಬೇಕು. ೦.೩ ವೋಲ್ಟಿಗಿಂತ ಹೆಚ್ಚು ತೋರಿದರೆ ಆ ದಾರಿಯಲ್ಲಿ ಎಲ್ಲಿಯೋ ಸಡಿಲವಾದ ಅಥವಾ ತುಕ್ಕುಹಿಡಿದ ಜೋಡಣೆಯುಂಟು. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ನೆಗೆಟಿವಿಗೂ ನಡುವೆ ಇದೇ ರೀತಿ ಅಳೆದರೆ ಅರ್ತಿನ ದೋಷವು ಗೊತ್ತಾಗುವುದು. ಬಾವಿಯಲ್ಲಿ ನೀರಿದ್ದರೂ ಕಾಲುವೆ ಒಡೆದಿದ್ದರೆ ಗದ್ದೆ ಒಣಗುವಂತೆ, ಆಲ್ಟರ್ನೇಟರು ಚೆನ್ನಾಗಿದ್ದೂ ಬ್ಯಾಟರಿಯು ಹಸಿದಿರುವುದುಂಟು.

ಕೀಲಿಯನ್ನು ತಿರುಗಿಸಿದಾಗ ಹೊತ್ತಿ, ಎಂಜಿನ್ನು ಹತ್ತಿದೊಡನೆ ಆರುವ ಕೆಂಪು ದೀಪವನ್ನು ಯಾರೂ ಗಮನಿಸುವುದಿಲ್ಲ. ಅನೇಕ ಯಂತ್ರಗಳಲ್ಲಿ ಆಲ್ಟರ್ನೇಟರಿಗೆ ಮೊದಲ ಪ್ರಚೋದನೆಯು ಆ ದೀಪದ ಮೂಲಕವೇ ಹೋಗುವುದರಿಂದ, ಅಲ್ಪಬೆಲೆಯ ಆ ಬಲ್ಬು ಸುಟ್ಟಿದ್ದರೆ ಚಾರ್ಜೇ ಆರಂಭವಾಗದೆ ಇರಬಹುದು.

ಒಂದು ದುರಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಿ, ಎಂಜಿನ್ನು ನಿಲ್ಲದಿದ್ದರೆ ಆಲ್ಟರ್ನೇಟರು ಚೆನ್ನಾಗಿದೆಯೆಂದು ಹೇಳುವವರುಂಟು. ಡೀಸೆಲ್ ಎಂಜಿನ್ನಿಗೆ ಕಿಡಿಯ ಅವಶ್ಯಕತೆಯೇ ಇಲ್ಲವಾದ್ದರಿಂದ ಈ ಪರೀಕ್ಷೆಯು ಏನನ್ನೂ ತಿಳಿಸದು. ಮೇಲಾಗಿ ತಟ್ಟನೆ ಏರುವ ವೋಲ್ಟಿನಿಂದ ಡಯೋಡುಗಳೂ ರೆಗ್ಯುಲೇಟರೂ ಹಾಳಾಗುವುವು. ಟ್ರ್ಯಾಕ್ಟರಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಮತ್ತು ಆಲ್ಟರ್ನೇಟರಿನ ತಂತಿಗಳನ್ನು ಬಿಚ್ಚಿಡುವುದು ಕ್ಷೇಮ.

ಮೇಲಿನ ಪರೀಕ್ಷೆಗಳೆಲ್ಲ ಸರಿಬಂದರೂ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿಯುತ್ತಿದ್ದರೆ ಸೋರಿಕೆಯನ್ನು ಹುಡುಕಬೇಕು. ಇತ್ತೀಚೆಗೆ ತರುಣರು ಟ್ರ್ಯಾಕ್ಟರಿಗೆ ದೊಡ್ಡ ಸ್ಪೀಕರುಗಳನ್ನೂ ಬಣ್ಣದ ದೀಪಗಳನ್ನೂ ಕಟ್ಟಿ ನೇರವಾಗಿ ಬ್ಯಾಟರಿಗೇ ಸೇರಿಸುವರು. ಹಾಡಿಗೆ ನಮ್ಮ ಆಕ್ಷೇಪವಿಲ್ಲ; ಆದರೆ ಅದರ ತಂತಿಯು ಕೀಲಿಯ ಮೂಲಕ ಹಾದುಬಂದರೆ ಒಳ್ಳೆಯದು.

ಬಿತ್ತನೆಯ ನಡುವೆಯೇ ಆಲ್ಟರ್ನೇಟರು ಕೆಟ್ಟರೆ ಹದವನ್ನು ಕಳೆದುಕೊಳ್ಳಬೇಕಾದುದಿಲ್ಲ. ಹಳೆಯ ರೀತಿಯ ಡೀಸೆಲ್ ಪಂಪಿರುವ ಎಂಜಿನ್ನು ಒಮ್ಮೆ ಹತ್ತಿದರೆ ವಿದ್ಯುತ್ತಿಲ್ಲದೆಯೂ ಓಡುವುದು. ರಾತ್ರಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಿಸಿ, ಹಗಲು ದೀಪ ಹಚ್ಚದೆ, ಪದೇಪದೇ ನಿಲ್ಲಿಸದೆ ಕೆಲಸ ಸಾಗಿಸಬಹುದು. ಕತ್ತಲಾಗುವುದರೊಳಗೆ ಮಾತ್ರ ಮನೆ ಸೇರಬೇಕು. ಕಂಪ್ಯೂಟರಿನ ಹತೋಟಿಯಿರುವ ಹೊಸ ಎಂಜಿನ್ನುಗಳಿಗೆ ಈ ಉಪಾಯವು ಒಗ್ಗದು. ಬಿತ್ತನೆ ಮುಗಿದೊಡನೆ, ಅಳೆದ ಅಂಕೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹರಪನಹಳ್ಳಿಯಲ್ಲಾಗಲಿ ಬೇರೆಡೆಯಾಗಲಿ ಬಲ್ಲ ಎಲೆಕ್ಟ್ರಿಷಿಯನ್ನನಿಗೆ ತೋರಿಸತಕ್ಕದ್ದು.