ನೆಟ್‌ವರ್ಕಿಂಗ್ ಕೋರ್ಸಿಗೆ ಹಣ ಕಟ್ಟುವ ಮುನ್ನ

ಈ ಸಾಲಿನ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಡಿಪ್ಲೊಮಾ, ಬಿಸಿಎ ಮತ್ತು ಬಿಇ ಓದುತ್ತಿರುವ ಕೆಲವು ಮಕ್ಕಳು ನೆಟ್‌ವರ್ಕಿಂಗ್ ಕೋರ್ಸಿಗೆ ನೆರವು ಕೋರಿದ್ದಾರೆ. ಅವರ ಪೋಷಕರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: “ಎಲ್ಲಾ ಕೆಲಸವನ್ನೂ ಈಗ ಕಂಪ್ಯೂಟರೇ ಮಾಡುತ್ತದಂತೆ ಮೇಷ್ಟ್ರೇ, ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ?” ಹಣ ಕೊಡುವ ದಾನಿಗಳ ಮನಸ್ಸಿನಲ್ಲೂ ಇದೇ ಪ್ರಶ್ನೆ ಇರಬಹುದು. ಆದ್ದರಿಂದ ವಿಷಯವನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಬ್ಯಾಂಕು, ಆಸ್ಪತ್ರೆ, ಕಾಲೇಜು, ಎಲ್ಲೇ ಆಗಲಿ, ಕಂಪ್ಯೂಟರುಗಳು ಒಂದಕ್ಕೊಂದು ಮಾಹಿತಿ ಕಳಿಸಬೇಕು. ಒಂದು ಕಟ್ಟಡದೊಳಗಿನ ಕಂಪ್ಯೂಟರುಗಳನ್ನು ಜೋಡಿಸುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಒಂದು ಜಾಲವನ್ನು ಇನ್ನೊಂದು ಜಾಲಕ್ಕೆ ಸೇರಿಸಿ ದಾರಿ ತೋರಿಸುವುದು ರೌಟರ್. ಯಾವ ಕಂಪ್ಯೂಟರ್ ಯಾವುದರೊಂದಿಗೆ ಮಾತನಾಡಬಹುದು, ಯಾವುದನ್ನು ತಡೆಯಬೇಕು ಎಂದು ಈ ಪೆಟ್ಟಿಗೆಗಳಿಗೆ ಹೇಳಿಕೊಡುವವರೇ ನೆಟ್‌ವರ್ಕ್ ಎಂಜಿನಿಯರುಗಳು. ಬಹಳ ಕಾಲ ಅವರು ಒಂದೊಂದೇ ಪೆಟ್ಟಿಗೆಗೆ ಲಾಗಿನ್ ಆಗಿ, ಆದೇಶಗಳನ್ನು ಕೈಯಿಂದಲೇ ಟೈಪ್ ಮಾಡುತ್ತಿದ್ದರು.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಸಂಸ್ಥೆಯಲ್ಲಿ 200 ಸ್ವಿಚ್‌ಗಳಿವೆ, ಎಲ್ಲದರ ಪಾಸ್‌ವರ್ಡ್ ಬದಲಿಸಬೇಕು ಎಂದಿಟ್ಟುಕೊಳ್ಳಿ. ಒಂದಕ್ಕೆ 10 ನಿಮಿಷ ಹಿಡಿದರೂ 2000 ನಿಮಿಷ, ಅಂದರೆ 33 ಗಂಟೆಗೂ ಹೆಚ್ಚು. ಇದೇ ಕೆಲಸವನ್ನು ಪೈಥಾನ್ ಭಾಷೆಯಲ್ಲಿ ಬರೆದ ಒಂದು ಚಿಕ್ಕ ಪ್ರೋಗ್ರಾಂ ಅಥವಾ ಆನ್ಸಿಬಲ್ ಎಂಬ ಉಪಕರಣ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಇದನ್ನೇ ಆಟೊಮೇಷನ್ ಎನ್ನುವುದು. ಬರೀ ಟೈಪ್ ಮಾಡುವುದನ್ನಷ್ಟೇ ಕಲಿತವರ ಕೆಲಸ ಇದರಿಂದ ಕಡಿಮೆಯಾಗುತ್ತಿರುವುದು ನಿಜ.

ಆದರೆ ಸರಿಯಾದ ಆದೇಶ ಎಷ್ಟು ಬೇಗ ಹರಡುತ್ತದೆಯೋ ತಪ್ಪು ಆದೇಶವೂ ಅಷ್ಟೇ ಬೇಗ ಹರಡುತ್ತದೆ. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ನಂತರ ನಮ್ಮ ವಾಟ್ಸ್ಯಾಪ್ ನಿಂತುಹೋದದ್ದು ಅನೇಕರಿಗೆ ನೆನಪಿರಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳೂ ಸುಮಾರು ಆರು ಗಂಟೆ ಸ್ಥಗಿತವಾಗಿದ್ದವು. ಎಂದಿನ ನಿರ್ವಹಣಾ ಕೆಲಸದ ವೇಳೆ ಕೊಟ್ಟ ಒಂದು ಆದೇಶದಿಂದ ತನ್ನ ಡೇಟಾ ಸೆಂಟರುಗಳ ನಡುವಿನ ಸಂಪರ್ಕವೆಲ್ಲ ಕಡಿದುಹೋಯಿತು ಎಂದು ಆ ಕಂಪನಿಯೇ ನಂತರ ವಿವರಿಸಿತು. ಇಂಥ ಆದೇಶವನ್ನು ತಡೆಯಬೇಕಾಗಿದ್ದ ತಪಾಸಣಾ ಪ್ರೋಗ್ರಾಂನಲ್ಲೂ ದೋಷವಿತ್ತು. ದೂರದಿಂದ ಸರಿಪಡಿಸುವ ದಾರಿಯೂ ಮುಚ್ಚಿಹೋದ ಕಾರಣ ಕೊನೆಗೆ ಎಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಬೇಕಾಯಿತು. ಇಂಥ ಹೊತ್ತಿನಲ್ಲಿ ಬೇಕಾಗುವುದು ಜಾಲದ ಮೂಲಪಾಠ ಗೊತ್ತಿರುವ ಮನುಷ್ಯರು.

ಶಾಲೆಯಲ್ಲಿ ಕ್ಯಾಲ್ಕುಲೇಟರ್ ಬಂದಾಗಲೂ ನಾವು ಮಗ್ಗಿ ಬಿಡಿಸಲಿಲ್ಲ. ಮಗ್ಗಿ ಬಾರದ ಮಗುವಿಗೆ ಕ್ಯಾಲ್ಕುಲೇಟರ್ ತೋರಿಸಿದ ಉತ್ತರ ತಪ್ಪಿದ್ದರೂ ಗೊತ್ತಾಗುವುದಿಲ್ಲ. ನೆಟ್‌ವರ್ಕಿಂಗ್‌ನಲ್ಲಿ ಮಗ್ಗಿಯ ಸ್ಥಾನದಲ್ಲಿರುವುದು ಐಪಿ ವಿಳಾಸದ ಲೆಕ್ಕ. ಹಳೆಯ ಬಗೆಯ ಐಪಿ ವಿಳಾಸದಲ್ಲಿ 32 ಬಿಟ್‌ಗಳಿರುತ್ತವೆ. ಅದರಲ್ಲಿ ಕೊನೆಯ 8 ಬಿಟ್‌ಗಳನ್ನು ಒಂದು ಕಚೇರಿಗೆ ಬಿಟ್ಟುಕೊಟ್ಟರೆ 2ರ 8ನೇ ಘಾತ, ಅಂದರೆ 256 ವಿಳಾಸಗಳು. ಮೊದಲನೆಯದು ಮತ್ತು ಕೊನೆಯದು ಬೇರೆ ಉದ್ದೇಶಕ್ಕೆ ಮೀಸಲು, ಉಳಿದ 254 ಬಳಕೆಗೆ. ಇದು ಪ್ರೌಢಶಾಲೆಯ ಘಾತಾಂಕದ ಪಾಠವೇ. ಗಣಿತದಲ್ಲಿ ಶ್ರದ್ಧೆಯಿರುವ ಯಾವ ಮಗುವೂ ಇದಕ್ಕೆ ಅಂಜಬೇಕಾಗಿಲ್ಲ.

ಇನ್ನೊಂದು ಬದಲಾವಣೆ ಕ್ಲೌಡ್. ಮೊದಲು ಪ್ರತಿ ಕಂಪನಿಯೂ ತನ್ನ ಕಟ್ಟಡದಲ್ಲೇ ಸರ್ವರ್ ಕೋಣೆ ಇಟ್ಟುಕೊಳ್ಳುತ್ತಿತ್ತು. ಈಗ ಅನೇಕರು ದೊಡ್ಡ ಕಂಪನಿಗಳ ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಜಾಗ ಪಡೆಯುತ್ತಾರೆ. ಅಮೆಜಾನ್ ಇದಕ್ಕಾಗಿ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ವ್ಯವಸ್ಥೆ ಆರಂಭಿಸಿತು. ಅಲ್ಲಿಯೂ ವಿಳಾಸ, ದಾರಿ, ಕಾವಲು ಎಲ್ಲವೂ ಬೇಕು. ಆದರೆ ಪೆಟ್ಟಿಗೆಯನ್ನು ಮುಟ್ಟದೆ, ಪ್ರೋಗ್ರಾಂ ಮೂಲಕವೇ ಅವನ್ನು ಹೊಂದಿಸಬೇಕಾಗುತ್ತದೆ.

ಪರೀಕ್ಷೆಗಳೂ ಇದಕ್ಕೆ ತಕ್ಕಂತೆ ಬದಲಾಗಿವೆ. ನಮ್ಮ ಮಕ್ಕಳು ಹೆಚ್ಚಾಗಿ ಹೆಸರಿಸುವ ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆಯನ್ನು 2020ರ ಫೆಬ್ರವರಿಯಲ್ಲಿ ಹೊಸದಾಗಿ ರೂಪಿಸಿದಾಗ, ಆಟೊಮೇಷನ್ ವಿಷಯಕ್ಕೆ ನೂರಕ್ಕೆ 10 ಭಾಗ ಕೊಟ್ಟರು. ಉಳಿದ 90 ಭಾಗ ಜಾಲದ ಮೂಲಪಾಠ, ಸಂಪರ್ಕ, ಸೇವೆ ಮತ್ತು ಭದ್ರತೆ. ಹಳೆಯದು ಹೋಗಿಲ್ಲ, ಹೊಸದು ಸೇರಿಕೊಂಡಿದೆ ಎಂಬುದು ಈ ಹಂಚಿಕೆಯಿಂದಲೇ ತಿಳಿಯುತ್ತದೆ.

ಪೋಷಕರು ಗಮನಿಸಬೇಕಾದ ಮಾತು ಒಂದಿದೆ. ಈ ಪ್ರಮಾಣಪತ್ರದ ಅವಧಿ ಮೂರು ವರ್ಷ ಮಾತ್ರ, ಶುಲ್ಕವೋ ಡಾಲರ್ ಲೆಕ್ಕದಲ್ಲಿ. ಮೊದಲ ವರ್ಷದಲ್ಲೇ ಪರೀಕ್ಷೆ ಬರೆಸಿದರೆ ಮಗು ಕೆಲಸ ಹುಡುಕುವ ಹೊತ್ತಿಗೆ ಅವಧಿ ಮುಗಿಯುತ್ತ ಬಂದಿರುತ್ತದೆ. ಕೊನೆಯ ವರ್ಷದಲ್ಲಿ ಬರೆಸುವುದು ಲೇಸು. ಅಲ್ಲಿಯವರೆಗಿನ ಕಲಿಕೆಗೆ ದೊಡ್ಡ ಖರ್ಚಿಲ್ಲ. ಜಾಲವನ್ನು ಪರದೆಯ ಮೇಲೆಯೇ ಕಟ್ಟಿ ನೋಡುವ ಸಿಸ್ಕೊ ಪ್ಯಾಕೆಟ್ ಟ್ರೇಸರ್ ಉಚಿತ. ಪೈಥಾನ್, ಲಿನಕ್ಸ್ ಉಚಿತ. ಐಐಟಿ ಪ್ರಾಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳನ್ನು ನೋಡಲು ಶುಲ್ಕವಿಲ್ಲ; ಪ್ರಮಾಣಪತ್ರ ಬೇಕೆಂದು ಪರೀಕ್ಷೆ ಬರೆಯುವವರಷ್ಟೇ ಹಣ ಕಟ್ಟಬೇಕು. ಪಾಠಗಳು ಹೆಚ್ಚಿನವು ಇಂಗ್ಲಿಷಿನಲ್ಲಿರುವುದರಿಂದ ಕನ್ನಡ, ಉರ್ದು ಮಾಧ್ಯಮದಲ್ಲಿ ಓದಿದ ಮಕ್ಕಳು ಆರಂಭದಲ್ಲಿ ನಿಧಾನವಾಗಿ ಸಾಗುತ್ತಾರೆ. ಅದಕ್ಕಾಗಿ ಅವರನ್ನು ದಡ್ಡರೆಂದು ತಿಳಿಯಬೇಡಿ, ಸ್ವಲ್ಪ ಕಾಲಾವಕಾಶ ಕೊಡಿ.

ಕೋರ್ಸಿನ ನೆರವು ಕೋರುವವರು ಅರ್ಜಿಯ ಜೊತೆ ಪಠ್ಯಕ್ರಮದ ಪ್ರತಿ ಲಗತ್ತಿಸಬೇಕಾಗಿ ವಿನಂತಿ. ಅದರಲ್ಲಿ ನಾವು ಮೂರು ವಿಷಯ ನೋಡುತ್ತೇವೆ: ಐಪಿ ವಿಳಾಸ ಮತ್ತು ರೌಟಿಂಗ್‌ನ ಮೂಲಪಾಠ ಇದೆಯೇ, ಪೈಥಾನ್ ಇದೆಯೇ, ಮಕ್ಕಳು ಕೈಯಾರೆ ಅಭ್ಯಾಸ ಮಾಡಲು ಲ್ಯಾಬ್ ಅವಧಿ ಎಷ್ಟು. “ಕೆಲಸ ಗ್ಯಾರಂಟಿ” ಎಂದು ಮುದ್ರಿಸಿ, ಈ ಮೂರರ ಬಗ್ಗೆ ಏನೂ ಹೇಳದ ಕೋರ್ಸಿಗೆ ದಾನಿಗಳ ಹಣ ಕೊಡಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಅಂಥ ಕೋರ್ಸಿಗೆ ಈಗಾಗಲೇ ಮುಂಗಡ ಕೇಳಿದ್ದರೆ, ಸಾಲ ಮಾಡಿ ಕಟ್ಟುವ ಮುನ್ನ ಒಮ್ಮೆ ಟ್ರಸ್ಟ್ ಕಚೇರಿಗೆ ಬನ್ನಿ. ಪಠ್ಯಕ್ರಮವನ್ನು ಜೊತೆಯಲ್ಲಿ ಕುಳಿತು ಓದೋಣ.