ಹಳೆಯ ಹೆಲಿಪ್ಯಾಡ್ ಮುಚ್ಚಿದರೂ ಲಂಡನ್ ಆಸ್ಪತ್ರೆ ಛಾವಣಿ ಬಿಡಲಿಲ್ಲ, ಕಾರಣವೇನು?

ಲಂಡನ್: ಆಸ್ಪತ್ರೆಯ ಛಾವಣಿಯ ಹೆಲಿಪ್ಯಾಡ್ ಎಂದರೆ ರೋಗಿಯನ್ನು ತಂದಿಳಿಸುವ ಜಾಗ ಎಂಬುದು ಸಾಮಾನ್ಯ ಕಲ್ಪನೆ. ಆದರೆ ಪೂರ್ವ ಲಂಡನ್‌ನ ವೈಟ್‌ಚಾಪೆಲ್‌ನಲ್ಲಿರುವ ರಾಯಲ್ ಲಂಡನ್ ಆಸ್ಪತ್ರೆಯಲ್ಲಿ ಅದರ ಮುಖ್ಯ ಕೆಲಸ ವೈದ್ಯರನ್ನೇ ಗಾಯಾಳುವಿನ ಬಳಿಗೆ ಕಳುಹಿಸುವುದು.

ಲಂಡನ್ ಏರ್ ಆಂಬುಲೆನ್ಸ್ ಸೇವೆ ಆರಂಭವಾದದ್ದು 1989ರಲ್ಲಿ. ಆಗ ಹೆಲಿಕಾಪ್ಟರ್ ನಿಲ್ಲುತ್ತಿದ್ದುದು ನಗರದ ಅಂಚಿನ ಬಿಗಿನ್ ಹಿಲ್ ವಿಮಾನ ನಿಲ್ದಾಣದಲ್ಲಿ. 1990ರಲ್ಲಿ ಆಸ್ಪತ್ರೆಯ ಛಾವಣಿಯಲ್ಲೇ ಹೆಲಿಪ್ಯಾಡ್ ಸಿದ್ಧವಾಯಿತು. ಕರೆ ಬಂದ ಕೂಡಲೇ ವೈದ್ಯರು, ಪ್ಯಾರಾಮೆಡಿಕ್ ಅಲ್ಲಿಂದಲೇ ಹೊರಡುವಂತಾಯಿತು.

ತೀವ್ರ ರಕ್ತಸ್ರಾವವಾದವರಿಗೆ ಆಸ್ಪತ್ರೆ ತಲುಪುವಷ್ಟು ಸಮಯವೂ ಉಳಿದಿರುವುದಿಲ್ಲ. ಹಾಗಾಗಿ ಈ ತಂಡ ರಸ್ತೆ ಬದಿಯಲ್ಲೇ ಅರಿವಳಿಕೆ ಕೊಡುತ್ತದೆ, ಅನಿವಾರ್ಯವಾದರೆ ಎದೆ ತೆರೆದು ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತದೆ. 2012ರಿಂದ ರಕ್ತವನ್ನೂ ಜೊತೆಗೆ ಒಯ್ಯುತ್ತಿದೆ. ನಂತರ ಹೆಚ್ಚಿನ ಗಾಯಾಳುಗಳನ್ನು ಸಾಗಿಸುವುದು ಸಾಮಾನ್ಯ ಆಂಬುಲೆನ್ಸ್‌ನಲ್ಲೇ, ವೈದ್ಯರೂ ಜೊತೆಗಿರುತ್ತಾರೆ.

ಸುಮಾರು ಎರಡು ದಶಕ ದುಡಿದ ಹಳೆಯ ಹೆಲಿಪ್ಯಾಡ್, ಆಸ್ಪತ್ರೆ 17 ಅಂತಸ್ತಿನ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಾಗ ಮುಚ್ಚಿತು. ಆದರೆ ಹೆಲಿಕಾಪ್ಟರನ್ನು ಮತ್ತೆ ದೂರದ ನಿಲ್ದಾಣಕ್ಕೆ ಕಳುಹಿಸಲಿಲ್ಲ. ಹೊಸ ಕಟ್ಟಡದ ನೆತ್ತಿಯಲ್ಲೇ ಜಾಗ ಮಾಡಲಾಯಿತು. ವೈದ್ಯರು ಮತ್ತು ಹೆಲಿಕಾಪ್ಟರ್ ಒಂದೇ ಕಡೆ ಇದ್ದರೆ ಉಳಿಯುವ ನಿಮಿಷಗಳೇ ಇದಕ್ಕೆ ಕಾರಣ. ಕತ್ತಲಾದ ಮೇಲೆ ಇದೇ ತಂಡ ಕಾರಿನಲ್ಲಿ ಹೊರಡುತ್ತದೆ.