ಕೋವಿ ಶುಚಿಯ ಸಾಮಾನು: ಯಾವುದು ಬೇಕು, ಯಾವುದು ಬೇಡ

2024ರ ಲೋಕಸಭಾ ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ್ದ ನನ್ನ ಕೋವಿ ಕೈಗೆ ಬಂದದ್ದು ಜೂನ್ ಎರಡನೇ ವಾರ. ಆಗಲೇ ಮಳೆ ಹಿಡಿದಾಗಿತ್ತು. ಕೊಡುವಾಗ ಎಣ್ಣೆ ಒರೆಸಿ, ಹಳೇ ಪಂಚೆ ಸುತ್ತಿ ಕೊಟ್ಟಿದ್ದೆ. ಬರುವಾಗ ಪಂಚೆ ಇರಲಿಲ್ಲ. ನಳಿಗೆಯ ಮೇಲೆಲ್ಲ ಅಡಿಕೆ ಸಿಪ್ಪೆ ಬಣ್ಣದ ತುಕ್ಕು.

ತುಕ್ಕು ಬಿಡಿ, ಒರೆಸಿದರೆ ಹೋದೀತು. ಮನೆಗೆ ತಂದು, ಕೋವಿ ಮಡಚಿ, ಬುಡದ ಕಡೆಯಿಂದ ಬೆಳಕಿಗೆ ಹಿಡಿದರೆ ಒಂದು ನಳಿಗೆಯಲ್ಲಿ ಆಕಾಶ ಕಂಡಿತು, ಇನ್ನೊಂದರಲ್ಲಿ ಕತ್ತಲೆ. ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿತ್ತು! ಅಂದು ರಾತ್ರಿಯೇ ಹಂದಿ ಬಂತು. ನೋಡದೆ ತೋಟೆ ಹಾಕಿ ಒಂದು ಈಡು ಹಾರಿಸಿದ್ದರೆ ನಳಿಗೆ ಸೀಳಿ ನನ್ನ ಎಡಗೈ ಉಳಿಯುತ್ತಿರಲಿಲ್ಲ. ಮುಂದಿನ ದಾರಿ ಮುಚ್ಚಿದ್ದರೆ ಒತ್ತಡ ಪಕ್ಕಕ್ಕೆ ನುಗ್ಗುತ್ತದೆ. ಗೂಡೇ ಬೇಕೆಂದಿಲ್ಲ, ಒರೆಸುವಾಗ ಒಳಗೆ ಮರೆತ ಬಟ್ಟೆಯ ತುಂಡೂ ಸಾಕು.

ಇದನ್ನು ಹೇಳಿದ ಮೇಲೆ ಮೂರು ನಾಲ್ಕು ಮಂದಿ ಕೇಳಿದರು, “ಶುಚಿ ಮಾಡಲು ಏನೇನು ತರಬೇಕು ಮಾರಾಯ್ರೆ?” ಅಂಗಡಿಯಲ್ಲಿ ಚಂದದ ಪೆಟ್ಟಿಗೆ ಸಿಗುತ್ತದೆ. ಒಳಗೆ ಹತ್ತಾರು ಬ್ರಶ್ಶು, ಬಾಟಲಿ. ಅರ್ಧ ನಮಗೆ ಉಪಯೋಗಕ್ಕೆ ಬಾರದ್ದು. ಮೊದಲು ನಿಮ್ಮದು ಯಾವ ಕೋವಿ ಎಂದು ನೋಡಿಕೊಳ್ಳಿ. ಬೆಳೆ ರಕ್ಷಣೆಗೆ ನಮ್ಮಲ್ಲಿ ಇರುವುದು ಹೆಚ್ಚಾಗಿ ಎರಡೇ ತರ: ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಇಲ್ಲವೇ 12 ಬೋರಿನ ತೋಟೆ ಕೋವಿ. ಎರಡರ ಕೊಳೆಯೂ ಬೇರೆ, ಹಾಗಾಗಿ ಸಾಮಾನೂ ಬೇರೆ.

ಮೊದಲು ಕೋಲು

ಎಲ್ಲಕ್ಕಿಂತ ಮೊದಲು ಬೇಕಾದ್ದು ಒಳ್ಳೆ ಕೋಲು. ಪೆಟ್ಟಿಗೆಯಲ್ಲಿ ಬರುವುದು ಮೂರು ತುಂಡಿನ ಅಲ್ಯೂಮಿನಿಯಂ ಕೋಲು. ನಾನೂ ಮೊದಲು ಅದನ್ನೇ ತಂದೆ. ಎರಡು ವರ್ಷದಲ್ಲಿ ತಿರುಪು ಸವೆದು, ನಳಿಗೆಯ ಮಧ್ಯದಲ್ಲೇ ಕಳಚಿಕೊಂಡಿತು. ಅಲ್ಯೂಮಿನಿಯಂ ಮೆದು, ಮರಳಿನ ಕಣ ಅದರಲ್ಲಿ ಕಚ್ಚಿ ಕೂರುತ್ತದೆ. ಆಮೇಲೆ ಅದು ಕೋಲಲ್ಲ, ಅರ! ಕಬ್ಬಿಣದ ಸರಳಂತೂ ಬೇಡವೇ ಬೇಡ, ನಳಿಗೆಯ ಬಾಯಿಯನ್ನು ಗೀರುತ್ತದೆ. ಈಗ ನಾನು ಬಳಸುವುದು ಚೆನ್ನಾಗಿ ಒಣಗಿದ ಗಟ್ಟಿ ಮರದ ಒಂದೇ ತುಂಡಿನ ಕೋಲು. ಆಚಾರಿಯಿಂದ ಕಡೆಸಿ, ತುದಿಗೆ ಹಿತ್ತಾಳೆ ತಿರುಪು ಕೂರಿಸಿಕೊಂಡದ್ದು. ನಳಿಗೆಗಿಂತ ಒಂದು ಗೇಣಾದರೂ ಉದ್ದ ಇರಲಿ. ಆಚಾರಿ ಸಿಗದಿದ್ದರೆ ಹಿತ್ತಾಳೆ ಕೋಲು ತನ್ನಿ, ಅಡ್ಡಿಯಿಲ್ಲ.

ಗೂಡು ತೆಗೆದದ್ದೂ ಈ ಮರದ ಕೋಲಿನಿಂದಲೇ. ತೋಟೆ ಇಲ್ಲವೆಂದು ನೋಡಿ, ನಳಿಗೆ ಬಿಚ್ಚಿ ಬೇರೆ ಮಾಡಿ, ನೀರು ಹೊಯ್ದು ಮಣ್ಣು ಕರಗಲು ಬಿಟ್ಟು, ಬುಡದ ಕಡೆಯಿಂದ ಮೆಲ್ಲಗೆ ದೂಡಿದೆ. ಸುತ್ತಿಗೆ ಹಿಡಿಯಬಾರದು.

ಕೇಪಿನ ಕೋವಿಯವರಿಗೆ ಕೋಲಿನ ಇನ್ನೊಂದು ಉಪಯೋಗ ಇದೆ, ಈ ಲೇಖನದಲ್ಲಿ ನೆನಪಿಡಬೇಕಾದ್ದು ಇದೊಂದೇ ಎಂದರೂ ಆದೀತು. ಆ ಕೋವಿಯನ್ನು ಮಡಚಲು ಬರುವುದಿಲ್ಲ, ಒಳಗೆ ಮದ್ದು ಉಂಟೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಮೂತಿಗೆ ಕಣ್ಣಿಟ್ಟು ನೋಡುವ ಮಾತೇ ಬೇಡ. ಖಾಲಿ ಎಂದು ಖಂಡಿತ ಗೊತ್ತಿರುವ ದಿನ ಗಜವನ್ನು ನಳಿಗೆಯ ತಳ ಮುಟ್ಟುವಷ್ಟು ಇಳಿಸಿ, ಮೂತಿಯ ಮಟ್ಟಕ್ಕೆ ಗಜದ ಮೇಲೆ ಸುತ್ತಲೂ ಒಂದು ಗೀರು ಹಾಕಿ. ಇದು ಖಾಲಿ ಗೀರು. ಇನ್ನು ಯಾವಾಗ ಕೋವಿ ಕೈಗೆತ್ತಿಕೊಂಡರೂ ಮೊದಲು ಕುದುರೆಯ ಅಡಿ ಕೇಪು ಇಲ್ಲವೆಂದು ನೋಡಿ, ಮೂತಿಯನ್ನು ಮುಖದಿಂದ ಆಚೆ ಹಿಡಿದು ಗಜ ಇಳಿಸಿ. ಗೀರು ಮೂತಿಯ ಮಟ್ಟಕ್ಕೆ ಬಂದರೆ ಖಾಲಿ. ಎರಡು ಮೂರು ಬೆರಳು ಮೇಲೆಯೇ ನಿಂತರೆ ಒಳಗೆ ಈಡು ಇದೆ, ಇಲ್ಲವೇ ಏನೋ ಸಿಕ್ಕಿಕೊಂಡಿದೆ. ಆಗ ಶುಚಿ ಮಾಡುವ ಕೆಲಸ ಬಿಟ್ಟು, ಪರವಾನಗಿ ಇರುವ ರಿಪೇರಿಯವರನ್ನು ಕರೆಸಿ. ಅಜ್ಜನ ಕಾಲದಿಂದ ಮೂಲೆಯಲ್ಲಿ ನಿಂತ ಕೋವಿ ಖಾಲಿಯೇ ಇರುತ್ತದೆ ಎಂದು ನಂಬಬೇಡಿ. ಕಪ್ಪು ಮದ್ದು ಒಣಗಿ ಇದ್ದರೆ ಎಷ್ಟೋ ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ.

ಬ್ರಶ್ಶು, ಬಟ್ಟೆ

12 ಬೋರು ಎಂದರೆ ಏನೆಂದು ಬಹಳ ಜನ ಕೇಳುತ್ತಾರೆ. ಒಂದು ಪೌಂಡು ಸೀಸದಿಂದ ಒಂದೇ ಗಾತ್ರದ 12 ಉಂಡೆ ಮಾಡಿದರೆ ಒಂದು ಉಂಡೆ ಆ ನಳಿಗೆಗೆ ಸರಿಯಾಗಿ ಕೂರಬೇಕು. ಅಡ್ಡಳತೆ ಸುಮಾರು 18.5 ಮಿಲಿಮೀಟರು. ನಂಬರು ಹೆಚ್ಚಾದಂತೆ ನಳಿಗೆ ಸಪುರ. ಬ್ರಶ್ಶು ಕೊಳ್ಳುವಾಗ 12 ಎಂದು ಕೇಳಿಯೇ ತನ್ನಿ. 20 ಬೋರಿನದ್ದು ಒಳಗೆ ಗಲಗಲ ಆಡುತ್ತದೆ, ಕೊಳೆ ಮುಟ್ಟುವುದೇ ಇಲ್ಲ. ಕಂಚಿನ ತಂತಿಯ ಬ್ರಶ್ಶು ಒಂದು, ಉಣ್ಣೆಯ ಕುಚ್ಚು ಒಂದು, ಬಟ್ಟೆ ಸಿಕ್ಕಿಸುವ ಹಿತ್ತಾಳೆ ತುದಿ ಒಂದು. ಇಷ್ಟಾದರೆ ತೋಟೆ ಕೋವಿಗೆ ಧಾರಾಳ ಆಯಿತು. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ನಳಿಗೆಯ ಒಳಗೆ ಹಾಕಬೇಡಿ. ಬಟ್ಟೆಗೆ ದುಡ್ಡು ಕೊಡುವುದೇ ಬೇಡ, ಒಗೆದು ಒಗೆದು ಮೆದುವಾದ ಪಂಚೆಗಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಇಲ್ಲ.

ತೋಟೆ ಕೋವಿಯ ಒಳಗೆ ಉಳಿಯುವುದು ಸೀಸದ ಗೆರೆ, ಪ್ಲಾಸ್ಟಿಕ್ಕಿನ ಪೊರೆ, ಸ್ವಲ್ಪ ಮಸಿ. ಬ್ರಶ್ಶಿಗೆ ಸೀಮೆಎಣ್ಣೆ ಅಥವಾ ಅಂಗಡಿಯ ದ್ರಾವಣ ಮುಟ್ಟಿಸಿ ಬುಡದಿಂದ ಮೂತಿಗೆ ನಾಲ್ಕು ಸಲ ಎಳೆದು, ಒಣ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಎಣ್ಣೆಯ ತೆಳು ಪಸೆ. ಹತ್ತು ನಿಮಿಷದ ಕೆಲಸ.

ಕೇಪಿನ ಕೋವಿಗೆ ನೀರೇ ಬೇಕು

ಇಲ್ಲೇ ನಮ್ಮವರು ತಪ್ಪುವುದು. ನೀರು ತಾಗಿದರೆ ಕಬ್ಬಿಣ ಹಾಳು ಎಂದು ಎಣ್ಣೆ ಮಾತ್ರ ಹಾಕಿ ಇಡುತ್ತಾರೆ. ಕಪ್ಪು ಮದ್ದೆಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದಿಲ್ಲ. ಉಪ್ಪಿನಂಥ ಪುಡಿಯಾಗಿ ಕೆಲವು ಹೊಗೆಯೊಂದಿಗೆ ಹೋಗುತ್ತದೆ, ಉಳಿದದ್ದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಹೇಗೆ ನೀರು ಬಿಡುತ್ತದೆ? ಇದೂ ಹಾಗೆಯೇ ತೇವ ಎಳೆಯುತ್ತದೆ. ಒಂದೇ ರಾತ್ರಿಯಲ್ಲಿ ತುಕ್ಕು ಶುರು. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಾಗಾಗಿ ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆಯಬೇಕು. ನೀರು ಬಿಸಿ ಇದ್ದಷ್ಟೂ ನಳಿಗೆ ಕಾದು ಬೇಗ ಆರುತ್ತದೆ. ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಒರೆಸಿ, ಪೂರ್ತಿ ಆರಿದ ಮೇಲೆ ಎಣ್ಣೆ.

ಇದಕ್ಕೆ ಹೆಚ್ಚಿಗೆ ಬೇಕಾದ್ದು ಎರಡೇ ವಸ್ತು: ಕೇಪು ಕೂರುವ ನಿಪ್ಪಲ್ ಬಿಚ್ಚಲು ಅದರದ್ದೇ ಕೀಲಿ, ಅದರ ತೂತು ಬಿಡಿಸಲು ಸಪುರ ಸೂಜಿ. ಸೈಕಲ್ ಸ್ಪಾನರಿನಲ್ಲಿ ತಿರುಗಿಸಿ ನಿಪ್ಪಲಿನ ಮೂಲೆ ಸವೆಸಿಕೊಂಡವರು ನಮ್ಮೂರಲ್ಲೇ ಇದ್ದಾರೆ. ಅದರಾಚೆಗೆ ಒಳಗಿನ ಕೀಲು, ಸ್ಪ್ರಿಂಗು ಬಿಚ್ಚಲು ಹೋಗಬೇಡಿ, ರಿಪೇರಿ ಪರವಾನಗಿದಾರರ ಕೆಲಸ.

ಯಾವ ಎಣ್ಣೆ?

ತೆಂಗಿನೆಣ್ಣೆ ಮನೆಯಲ್ಲೇ ಇದೆಯಲ್ಲ ಎನ್ನುತ್ತೀರಿ. ನಾನೂ ಹಾಕುತ್ತಿದ್ದೆ. ದಿನ ಹೋದಂತೆ ಕಮಟು ಹಿಡಿದು ಹುಳಿಯಾಗುತ್ತದೆ, ಆ ಹುಳಿ ಕಬ್ಬಿಣಕ್ಕೆ ಒಳ್ಳೆಯದಲ್ಲ. ಚಳಿಗಾಲದ ಬೆಳಗ್ಗೆ ಕುದುರೆಯ ಸಂದಿಯಲ್ಲಿ ಬೆಣ್ಣೆಯಂತೆ ಗಟ್ಟಿಯಾಗಿ ಕೂರುತ್ತದೆ. ಹೊಲಿಗೆ ಮೆಶಿನ್ನಿನ ಎಣ್ಣೆ ಸಾಕು. ಹಾಕುವಾಗ ಕೈ ಬಿಗಿ ಇರಲಿ. ಕೇಪಿನ ಕೋವಿಯಲ್ಲಿ ಎಣ್ಣೆ ನಿಪ್ಪಲಿಗೆ ಇಳಿದರೆ ಬೇಕಾದ ಹೊತ್ತಿಗೆ ಬರೀ ‘ಟಿಕ್’ ಎನ್ನುತ್ತದೆ. ಮರದ ಹಿಡಿಗೆ ಅಗಸೆ ಎಣ್ಣೆ ಒಳ್ಳೆಯದು. ಆದರೆ ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹಿಡಿದೀತು. ಹರಡಿ ಒಣಗಿಸಿ.

ಇಡುವ ಜಾಗಕ್ಕೂ ಒಂದು ಮಾತು. ತೊಗಲಿನ ಅಥವಾ ಕ್ಯಾನ್ವಾಸಿನ ಚೀಲ ಹೊತ್ತುಕೊಂಡು ಹೋಗಲು ಮಾತ್ರ. ಮಳೆಗಾಲದಲ್ಲಿ ಅದರೊಳಗೆ ಕೋವಿ ಇಟ್ಟರೆ ಒದ್ದೆ ಬಟ್ಟೆ ಸುತ್ತಿ ಇಟ್ಟ ಹಾಗೆ. ಒಲೆಯ ಮೇಲಿನ ಅಟ್ಟವೂ ಬೇಡ, ಮದ್ದು ತೋಟೆಗಳಂತೂ ಬೆಂಕಿಯ ಹತ್ತಿರ ಸುಳಿಯಲೇ ಕೂಡದು. ಬೀಗದ ಕಪಾಟಿನಲ್ಲಿ ಖಾಲಿ ಕೋವಿ, ತೋಟೆ ಬೇರೆ ಬೀಗದಲ್ಲಿ. ಕಪಾಟಿನೊಳಗೆ ನೀಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಇಡಿ. ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ, ಬಿಸಿ ಮಾಡಿದರೆ ಮತ್ತೆ ನೀಲಿ.

ತೋಟೆಯ ಬೆಲೆ ನೋಡಿ, ಖಾಲಿ ತೋಟೆಗೆ ಮನೆಯಲ್ಲೇ ಮದ್ದು ತುಂಬುವ ಯಂತ್ರ ತಂದರೆ ಹೇಗೆ ಎಂದು ಒಬ್ಬರು ಕೇಳಿದರು. ಅಮೆರಿಕದಲ್ಲಿ ಎಷ್ಟೋ ಹಳ್ಳಿಮನೆಗಳಲ್ಲಿ ಅದು ಇದೆ, ಹೌದು. ಅಲ್ಲಿ ಮದ್ದಿನ ಡಬ್ಬಿಯ ಮೇಲೆ ಹೆಸರಿದೆ, ಅದಕ್ಕೆ ತಕ್ಕ ತೂಕದ ಪಟ್ಟಿಯಿದೆ, ಕಾನೂನೂ ಬೇರೆ. ಇಲ್ಲಿ ಹೆಸರಿಲ್ಲದ ಮದ್ದನ್ನು ಅಂದಾಜಿಗೆ ತುಂಬುವುದೆಂದರೆ ಕೆನ್ನೆಯ ಪಕ್ಕ ಗರ್ನಾಲು ಕಟ್ಟಿಕೊಂಡ ಹಾಗೆ. ತೋಟೆ ಒಡೆದು ಅದರ ಮದ್ದನ್ನು ಕೇಪಿನ ಕೋವಿಗೆ ಹಾಕುವುದು ಇನ್ನೂ ಕೇಡು. ಅದು ಹೊಗೆರಹಿತ ಮದ್ದು, ಒತ್ತಡ ಬಹಳ ಹೆಚ್ಚು, ಹಳೇ ನಳಿಗೆ ತಡೆಯುವುದಿಲ್ಲ.

ಇನ್ನು ಠಾಣೆಗೆ ಕೊಡುವ ವಿಚಾರ. ಈಗ ನಾನು ಕೊಡುವ ಮುಂಚೆ ಒಳಗೆ ಹೊರಗೆ ಎಣ್ಣೆಯನ್ನು ಸ್ವಲ್ಪ ದಪ್ಪವಾಗಿಯೇ ಸವರಿ, ನಳಿಗೆಯ ಎರಡೂ ಬಾಯಿಗೆ ಕೆಂಪು ಬಟ್ಟೆ ಕಟ್ಟುತ್ತೇನೆ. ಹುಳ ಹೊಗುವುದಿಲ್ಲ, ಬಿಚ್ಚಲು ಮರೆಯುವುದೂ ಇಲ್ಲ. ರಶೀದಿಯಲ್ಲಿ ‘ತುಕ್ಕಿಲ್ಲ’ ಎಂದು ಬರೆಸಿಕೊಳ್ಳುತ್ತೇನೆ. ಮೊದಲ ಸಲ ಬರೆಯುವವರು ಮುಖ ಸಿಂಡರಿಸಿದರು, ಆದರೂ ಬರೆದುಕೊಟ್ಟರು. ವಾಪಸು ತರುವಾಗ ಅಲ್ಲೇ ಮೇಜಿನ ಮುಂದೆ ಕೋವಿ ಮಡಚಿ, ಎರಡೂ ನಳಿಗೆಯಲ್ಲಿ ಬೆಳಕು ನೋಡಿಯೇ ಸಹಿ ಹಾಕುವುದು.